ಅಂಜನಮ್ಮನ ಎಂಬತ್ತನಾಲ್ಕು ದಿನ

ಬೂದಿಕೋಟೆ ಬಸ್ ಸ್ಟಾಂಡಿನ ಪಕ್ಕ ನನ್ನದೊಂದು ಮೊಬೈಲ್ ಅಂಗಡಿ ಇದೆ. ಅಂಗಡಿ ಅಂದರೆ ಒಂದು ಶೆಟರ್, ಒಂದು ಮೇಜು, ರೀಚಾರ್ಜು, ಸಿಮ್ಮು, ಜೆರಾಕ್ಸು, ಅಷ್ಟೆ. ನಾನು ಕಲ್ಪನ, ಕೆಜಿಎಫ್‌ನ ಕೋರಮಂಡಲ್‌ನವಳು. ನಮ್ಮಪ್ಪ ಗಣಿ ಮುಚ್ಚುವವರೆಗೂ ಅಲ್ಲಿ ದುಡಿದವರು, ಈಗಲೂ ನಾವು ಅದೇ ಮನೆಯಲ್ಲಿದ್ದೇವೆ. ದಿನಾ ಬೆಳಿಗ್ಗೆ ಬಂಗಾರಪೇಟೆಗೆ ಒಂದು ಬಸ್ಸು, ಅಲ್ಲಿಂದ ಬೂದಿಕೋಟೆಗೆ ಇನ್ನೊಂದು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜಗಳ ಆಡಬಲ್ಲೆ, ಆಡುತ್ತೇನೆ ಕೂಡ. ಕಂಪನಿಯ ಮೇಲಿನ ಸಿಟ್ಟನ್ನೆಲ್ಲ ಜನ ತಂದು ಸುರಿಯುವುದು ನನ್ನ ಮೇಜಿನ ಮೇಲೆ. "ಮೊನ್ನೆ ತಾನೆ ಹಾಕ್ಸಿದ್ದೆ, ಆಗಲೇ ಮುಗೀತಾ?" ಎಂದು ಕೇಳದ ಗಿರಾಕಿ ಈ ಹೋಬಳಿಯಲ್ಲಿ ಒಬ್ಬರೇ ಇದ್ದರು. ಅವರು ಅಂಜನಮ್ಮ.

ಅಂಜನಮ್ಮನ ಊರು ಬೂದಿಕೋಟೆಯಿಂದ ಮೂರು ಕಿಲೋಮೀಟರ್. ವಯಸ್ಸು ಅರವತ್ತರ ಹತ್ತಿರ. ಗಂಡ ವೆಂಕಟಪ್ಪನಿಗೆ ಕಿವಿ ಮಂದ, ಹಾಗಾಗಿ ಮನೆಯ ಫೋನು ಅಂಜನಮ್ಮನ ಸೊಂಟದ ಎಲೆಅಡಿಕೆ ಚೀಲದಲ್ಲಿರುತ್ತದೆ. ಬಟನ್ ಫೋನು, ಅದಕ್ಕೂ ಸುಣ್ಣದ ಗುರುತು. ಅವರಿಗೆ ಅಕ್ಷರ ಬರುವುದಿಲ್ಲ, ಆದರೆ ದಿನದ ಲೆಕ್ಕದಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಯಾವ ಹಸು ಯಾವತ್ತು ಬೆದೆಗೆ ಬಂತು, ಯಾವತ್ತು ಇಂಜೆಕ್ಷನ್ ಆಯಿತು, ಯಾವತ್ತು ಕರು ಹಾಕಬೇಕು, ಎಲ್ಲವೂ ಬಾಯಲ್ಲೇ ಇರುತ್ತದೆ. ಪ್ಲಾನಿಗೆ ಎಷ್ಟು ದುಡ್ಡು, ಎಷ್ಟು ಜಿಬಿ ಎಂದು ಅವರು ಕೇಳುತ್ತಿರಲಿಲ್ಲ. ಎಷ್ಟು ದಿನ ಎಂದಷ್ಟೇ ಕೇಳುತ್ತಿದ್ದರು.

ಮಾಘದಲ್ಲಿ ಒಂದು ದಿನ ಬಂದವರೇ, "ಕಲ್ಪನಮ್ಮ, ಇಪ್ಪತ್ತೊಂದು ದಿನದ್ದು ಐತಾ?" ಎಂದರು.

"ಇಪ್ಪತ್ತೊಂದಾ? ಅದ್ಯಾವ ಲೆಕ್ಕ ಅಂಜನಮ್ಮ?"

"ಅಸಿನ ಲೆಕ್ಕ. ಇವತ್ತು ನಮ್ಮ ಕಡಸಿಗೆ ಇಂಜೆಕ್ಷನ್ ಆಯ್ತು. ಗಬ್ಬ ನಿಲ್ದಿದ್ರೆ ಇನ್ನಿಪ್ಪತ್ತೊಂದು ದಿನಕ್ಕೆ ತಿರ್ಗ ಬೆದೆಗೆ ಬತ್ತದೆ. ಆವತ್ತು ಶಶಿಧರಪ್ಪನ್ನ ಕರೀಬೇಕಲ್ಲ."

ಶಶಿಧರ್ ಎಂದರೆ ನಮ್ಮ ಕಡೆ ಹಸುಗಳಿಗೆ ಗಬ್ಬದ ಇಂಜೆಕ್ಷನ್ ಕೊಡುವ ಹುಡುಗ. ಬೈಕಿನ ಹಿಂದೆ ಹೋರಿಯ ವೀರ್ಯವಿಟ್ಟ ತಣ್ಣನೆಯ ಕ್ಯಾನು ಕಟ್ಟಿಕೊಂಡು ಊರೂರು ತಿರುಗುತ್ತಾನೆ. ಅವನಿಗೆ ಯಾರೂ ಫೋನಿನಲ್ಲಿ ಮಾತಾಡುವುದಿಲ್ಲ. ಒಂದು ಮಿಸ್ ಕಾಲ್ ಕೊಡುತ್ತಾರೆ, ಅವನು ನಂಬರ್ ನೋಡಿ ಗಾಡಿ ತಿರುಗಿಸುತ್ತಾನೆ. ಮಾತಿಗೆ ದುಡ್ಡು ಕತ್ತರಿಸುತ್ತಿದ್ದ ಕಾಲದ ರೂಢಿ ಅದು, ಹಾಗೇ ಉಳಿದುಬಿಟ್ಟಿದೆ. ಅಂಜನಮ್ಮನ ಫೋನಿನಲ್ಲಿ ಐದನೇ ಬಟನ್ ಒತ್ತಿ ಹಿಡಿದರೆ ಶಶಿಧರನಿಗೆ ಹೋಗುವಂತೆ ಮಾಡಿಕೊಟ್ಟಿದ್ದವಳು ನಾನೇ.

"ಇಪ್ಪತ್ತೆಂಟು ದಿನದ್ದು ತಗೊಳ್ಳಿ. ಏಳು ದಿನ ಜಾಸ್ತಿನೇ ಬರುತ್ತೆ, ದಿನಾ ನೆಟ್ ಬೇರೆ" ಎಂದೆ.

"ನೆಟ್ ಮಡಿಕೊಂಡು ನಾನೇನ್ಮಾಡ್ಲಿ?"

"ಬಿದ್ದಿರಲಿ ಬಿಡಿ, ಅಂಜನಮ್ಮ!"

ಹೊರಗೆ ಬಂಗಾರಪೇಟೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಜೆರಾಕ್ಸಿಗೆ ನಾಲ್ಕು ಜನ ನಿಂತಿದ್ದರು. ನಿಜ ಹೇಳುತ್ತೇನೆ, ಅವರಿಗೆ ಹೊಂದುವ ಪ್ಲಾನು ಹುಡುಕುವ ತಾಳ್ಮೆ ನನಗಿರಲಿಲ್ಲ. ಮೊದಲು ಕಂಡದ್ದನ್ನೇ ಹಾಕಿ ಕಳಿಸಿದೆ.

ಆ ಕಡಸಿನ ಕಥೆ ನನಗೆ ಆಮೇಲೆ ಗೊತ್ತಾಯಿತು. ಹುಟ್ಟಿದ ಹನ್ನೆರಡನೇ ದಿನಕ್ಕೆ ಅದರ ತಾಯಿ ಸತ್ತಿತ್ತು. ಅಂಜನಮ್ಮ ಬಾಟಲಿಯಲ್ಲಿ ಹಾಲು ಕುಡಿಸಿ, ಚಳಿಗೆ ತಮ್ಮದೇ ಕಂಬಳಿ ಹೊದಿಸಿ ಅದನ್ನು ಉಳಿಸಿಕೊಂಡಿದ್ದರು. ಕೆಂಪಿ ಎಂದು ಕೂಗಿದರೆ ಹಿತ್ತಿಲಿನಿಂದ ಓಡಿ ಬರುತ್ತಿತ್ತು. ಕೊಟ್ಟಿಗೆಯಲ್ಲಿದ್ದ ಇನ್ನೊಂದು ಮುದಿ ಹಸು ಬತ್ತುತ್ತಾ ಬಂದಿತ್ತು. ಈ ಕಡಸು ಗಬ್ಬ ನಿಂತರೆ ಡೈರಿಗೆ ಹಾಲು, ಮನೆಗೆ ದುಡ್ಡು. ನಿಲ್ಲದಿದ್ದರೆ ಬಂಗಾರಪೇಟೆಯ ದಲ್ಲಾಳಿಗೆ ಕೊಡುವುದೆಂದು ವೆಂಕಟಪ್ಪ ಹೇಳಿಯಾಗಿತ್ತು. ಗಬ್ಬ ನಿಲ್ಲದ ಕಡಸನ್ನು ದಲ್ಲಾಳಿ ಯಾತಕ್ಕೆ ಕೊಳ್ಳುತ್ತಾನೆ ಎನ್ನುವುದು ಊರಲ್ಲಿ ಯಾರಿಗೂ ಗೊತ್ತಿಲ್ಲದ್ದಲ್ಲ.

ಮೊದಲ ಇಂಜೆಕ್ಷನ್ ನಿಲ್ಲಲಿಲ್ಲ. ಇಪ್ಪತ್ತೊಂದನೇ ದಿನ ಸರಿಯಾಗಿ ಕೆಂಪಿ ಬೆದೆಗೆ ಬಂದು ಕೂಗಿತು, ಮಿಸ್ ಕಾಲ್ ಹೋಯಿತು, ಶಶಿಧರ್ ಅರ್ಧ ಗಂಟೆಯಲ್ಲಿ ಬಂದು ಇನ್ನೊಂದು ಕೊಟ್ಟು ಹೋದ. ಅದಾದ ವಾರಕ್ಕೆ ಫೋನಿನ ಇಪ್ಪತ್ತೆಂಟು ದಿನ ಮುಗಿಯಿತು. ಅಂಜನಮ್ಮ ಮತ್ತೆ ಹಾಕಿಸಲು ಬರಲಿಲ್ಲ. ಅವರ ಲೆಕ್ಕ ಅವರಿಗಿತ್ತು. ಇನ್ನೊಂದು ಬೆದೆ ಬರುವುದಾದರೆ ಅದಕ್ಕೆ ಎರಡು ವಾರ ಬಾಕಿ ಇದೆ, ಹಿಂದಿನ ದಿನ ಹೋಗಿ ಹಾಕಿಸಿದರಾಯಿತು, ಅಲ್ಲಿಯವರೆಗೆ ಸುಮ್ಮನೆ ಕೂತ ಫೋನಿಗೆ ಯಾಕೆ ಮೇವು ಎಂದು ಅಂದುಕೊಂಡಿದ್ದರು. ಹಾಗೆ ನೋಡಿದರೆ ಅದು ತಪ್ಪು ಲೆಕ್ಕವೂ ಅಲ್ಲ. ಕೆಂಪಿಯೇ ಎರಡು ದಿನ ಮುಂಚೆ ಕೂಗಿಬಿಟ್ಟಿತು.

ಅವತ್ತು ಭಾನುವಾರ. ಬೆಳಿಗ್ಗೆ ಅಂಜನಮ್ಮ ಐದು ಒತ್ತಿದರು. ಕಾಲ್ ಹೋಗಲಿಲ್ಲ. ಮಿಸ್ ಕಾಲಿಗೆ ದುಡ್ಡೇ ಬೀಳುವುದಿಲ್ಲ, ಅದಕ್ಕೂ ರೀಚಾರ್ಜ್ ಯಾಕೆ ಬೇಕು ಎನ್ನುವುದು ಅವರಿಗೆ ಮೊದಲಿನಿಂದಲೂ ಆಶ್ಚರ್ಯ. ಪಕ್ಕದ ಮನೆಯ ಸೀನಪ್ಪನ ಫೋನು ಇಸಿದುಕೊಂಡು ಅದರಲ್ಲೂ ಐದು ಒತ್ತಿದರು. ಬೇತಮಂಗಲದಲ್ಲಿದ್ದ ಸೀನಪ್ಪನ ಭಾವಮೈದ ಎತ್ತಿಕೊಂಡು ಯೋಗಕ್ಷೇಮ ವಿಚಾರಿಸಿದ. ಶಶಿಧರನ ಹೆಸರನ್ನು ಅಂಜನಮ್ಮನ ಫೋನಿನಲ್ಲಿ ನಾನು ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದೆ, ಸೀನಪ್ಪನಿಗೂ ಓದಲಾಗಲಿಲ್ಲ. ಕೊನೆಗೆ ಅಂಜನಮ್ಮ ಮೂರು ಕಿಲೋಮೀಟರ್ ನಡೆದು ನನ್ನ ಅಂಗಡಿಗೆ ಬಂದರು. ಭಾನುವಾರ ನಾನು ಕೋರಮಂಡಲ್‌ನಲ್ಲಿ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿರುತ್ತೇನೆ. ಮುಚ್ಚಿದ ಶೆಟರ್ ಮುಂದೆ ಅವರು ಮಧ್ಯಾಹ್ನದವರೆಗೂ ಕೂತಿದ್ದರಂತೆ. ಎದುರಿನ ಕಿರಾಣಿ ಅಂಗಡಿಯವನು ತಾನೇ ಹಾಕಿಕೊಡುತ್ತೇನೆ ಎಂದರೂ ಬೇಡ ಅಂದರಂತೆ. ನಮ್ಮ ಲೆಕ್ಕ ಕಲ್ಪನಮ್ಮನಿಗೇ ಗೊತ್ತು ಎಂದರಂತೆ.

ಸಂಜೆ ಹಾಲು ಹಾಕಲು ಹೋದಾಗ ಡೈರಿಯವರು ಶಶಿಧರನಿಗೆ ಫೋನ್ ಮಾಡಿದರು. ಅವನು ಆಗ ಯಾವುದೋ ಮದುವೆಗೆಂದು ಕೋಲಾರ ಸೇರಿದ್ದ. ಸೋಮವಾರ ಬಂದು ನೋಡಿ, ಹೊತ್ತು ಮೀರಿದೆ, ಈಗ ಕೊಟ್ಟರೂ ದಂಡ ಎಂದು ಹೇಳಿ ಹೋದ.

ಮಂಗಳವಾರ ಅಂಜನಮ್ಮ ಅಂಗಡಿಗೆ ಬಂದು ಇದನ್ನೆಲ್ಲ ಸಮಾಧಾನವಾಗಿ ಹೇಳಿದರು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನಾನು ಮೂರು ಭಾಷೆಯಲ್ಲಿ ಉತ್ತರ ಕೊಟ್ಟು ಹಗುರಾಗುತ್ತಿದ್ದೆ. ಅವರು ಸುಮ್ಮನೆ ಫೋನನ್ನು ಮೇಜಿನ ಮೇಲಿಟ್ಟು, "ನಮ್ಮೋನು ಇನ್ನೊಂದೇ ಸಲ ನೋಡನ ಅಂದವ್ನೆ. ಈ ಸಲನೂ ನಿಲ್ಲಿಲ್ಲ ಅಂದ್ರೆ ಕೆಂಪಿನ ಒಡ್ಕೊಂಡು ಓಯ್ತಾರೆ. ನಡುವಾಗ ನಿಲ್ದಂಗಿರೋದು ಯಾವುದಾದ್ರೂ ಐತಾ ನೋಡಮ್ಮ" ಎಂದರು.

ನನಗೆ ನಾಚಿಕೆಯಾಯಿತು. ಬೇಜಾರಲ್ಲ, ನಾಚಿಕೆ. ಇಡೀ ಹೋಬಳಿಗೆ ಪ್ಲಾನು ಮಾರುವವಳು ನಾನು, ಈ ಹೆಂಗಸು ಎಷ್ಟು ದಿನ ಎಂದು ಕೇಳಿದಾಗ ಒಂದು ಸಲವೂ ಯಾತಕ್ಕೆ ಎಂದು ಪೂರ್ತಿ ಕೇಳಿಸಿಕೊಂಡಿರಲಿಲ್ಲ. ಜೆರಾಕ್ಸಿಗೆ ಬಂದಿದ್ದ ಕಾಲೇಜು ಹುಡುಗಿಗೆ ಆಮೇಲೆ ಬಾ ಎಂದು ಹೇಳಿ, ಸ್ಟೂಲು ಎಳೆದು ಅಂಜನಮ್ಮನನ್ನು ಕೂರಿಸಿದೆ. ಗೋಡೆಯ ಕ್ಯಾಲೆಂಡರನ್ನು ತೆಗೆದು ಇಬ್ಬರ ನಡುವೆ ಹರವಿದೆ. ನಂತರ ಕಂಪನಿಯ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದೆ. ದಿನಕ್ಕೆ ಒಂದೂವರೆ ಜಿಬಿ, ಎರಡು ಜಿಬಿ, ಸಿನಿಮಾ ಸಮೇತ, ಕ್ರಿಕೆಟ್ ಸಮೇತ. ಎಲ್ಲ ದಾಟಿ ಪಟ್ಟಿಯ ತೀರಾ ತಳದಲ್ಲಿ, ಯಾರ ಕಣ್ಣಿಗೂ ಬೀಳಬಾರದು ಎಂದು ಇಟ್ಟಂತೆ, ಬರೀ ಮಾತಿನ ಪ್ಲಾನು ಸಿಕ್ಕಿತು. ನೆಟ್ ಇಲ್ಲ. ಇಪ್ಪತ್ತೆಂಟರದ್ದನ್ನು ಮೂರು ಸಲ ಹಾಕಿಸುವುದಕ್ಕಿಂತ ಕಡಿಮೆ ದುಡ್ಡು. ಎಂಬತ್ತನಾಲ್ಕು ದಿನ.

"ಎಂಬತ್ನಾಕು" ಎಂದೆ.

ಅಂಜನಮ್ಮ ಬೆರಳನ್ನೂ ಮಡಿಸಲಿಲ್ಲ. "ನಾಕು ಬೆದೆ" ಎಂದರು.

ನಾನು ಕ್ಯಾಲ್ಕುಲೇಟರಿನಲ್ಲಿ ಇಪ್ಪತ್ತೊಂದನ್ನು ನಾಲ್ಕರಿಂದ ಗುಣಿಸಿ ನೋಡಿದೆ. ಹೌದು. ಎಷ್ಟೋ ವರ್ಷದಿಂದ ಈ ಎಂಬತ್ತನಾಲ್ಕನ್ನು ನೋಡುತ್ತಿದ್ದರೂ ಅದು ಹಸುವಿನ ಲೆಕ್ಕಕ್ಕೆ ಹೀಗೆ ಸರಿಹೊಂದುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಹೊಳೆಯಲು ನಾನು ಹಸು ಸಾಕಿದವಳೂ ಅಲ್ಲ.

"ಇದ್ರಾಗೆ ಮಿಸ್ ಕಾಲ್ ಓಯ್ತದಾ?"

"ಮಿಸ್ ಕಾಲ್ ಯಾಕೆ ಅಂಜನಮ್ಮ? ಬೆಳಿಗ್ಗೆಯಿಂದ ಸಂಜೆವರೆಗೂ ಮಾತಾಡಿದ್ರೂ ಅಷ್ಟೇ ದುಡ್ಡು."

"ಮಾತಾಡಿದ್ರೂ ಅಷ್ಟೇನಾ?"

"ಅಷ್ಟೇ. ಹಿಂದಿನ ಪ್ಲಾನಿನಲ್ಲೂ ಹಾಗೇ ಇತ್ತು."

"ಅದನ್ನ ನೀನು ಆಗ್ಲೇ ಏಳ್ಬಾರ್ದಾ?" ಎಂದು ಅವರು ಕೇಳಿದಾಗ ಮಾತ್ರ ದನಿ ಸ್ವಲ್ಪ ಏರಿತ್ತು. ಕೇಳಬೇಕಾದ ಮಾತೇ ಅದು. ನಾನು ತಲೆ ತಗ್ಗಿಸಿ ರೀಚಾರ್ಜ್ ಮಾಡಿದೆ. ಶಶಿಧರನ ನಂಬರನ್ನು ಒಂದು ರಟ್ಟಿನ ಮೇಲೆ ದೊಡ್ಡದಾಗಿ ಬರೆದು, ಕೊಟ್ಟಿಗೆ ಗೋಡೆಗೆ ಹೊಡೆಯಲು ಕೊಟ್ಟೆ. ಭಾನುವಾರವೂ ನಾನು ಸಿಗುವಂತಿರಲಿ ಎಂದು ನನ್ನ ನಂಬರನ್ನೂ ಕೆಳಗೆ ಬರೆದೆ.

ಮಾತಿಗೆ ಬೇರೆ ದುಡ್ಡಿಲ್ಲ ಎನ್ನುವುದನ್ನು ಅಂಜನಮ್ಮ ನಂಬಲು ನಾಲ್ಕು ದಿನ ತೆಗೆದುಕೊಂಡರು. ಐದನೇ ದಿನ ಬೇತಮಂಗಲದ ತಂಗಿ ವರಲಕ್ಷ್ಮಮ್ಮನಿಗೆ ಫೋನ್ ಮಾಡಿ ಒಂದು ಗಂಟೆ ಮಾತಾಡಿದರಂತೆ. ಆಮೇಲೆ ಓಡಿ ಬಂದು, ದುಡ್ಡು ಎಷ್ಟು ಹೋಗಿದೆ ನೋಡು ಎಂದರು. ಒಂದು ಪೈಸೆಯೂ ಹೋಗಿಲ್ಲ, ದಿನವೂ ಕಡಿಮೆಯಾಗಿಲ್ಲ ಎಂದು ತೋರಿಸಿದ ಮೇಲೆ ಅವರ ಮುಖ ನೋಡಬೇಕಿತ್ತು. ಅವತ್ತಿನಿಂದ ಮಧ್ಯಾಹ್ನವಾದರೆ ಅಕ್ಕ ತಂಗಿಯರ ಹರಟೆ ತಪ್ಪದೆ ನಡೆಯತೊಡಗಿತು.

ಕೆಂಪಿ ಮತ್ತೆ ಕೂಗಿದ್ದು ಒಂದು ಶುಕ್ರವಾರ ಸಂಜೆ, ಹಾಲು ಕರೆಯುವ ಹೊತ್ತಿನಲ್ಲಿ. ಅಂಜನಮ್ಮ ಐದು ಒತ್ತಿ, ಈ ಸಲ ಕತ್ತರಿಸದೆ ಹಿಡಿದುಕೊಂಡರು. ಶಶಿಧರ್ ಎಂದಿನಂತೆ ಮಿಸ್ ಕಾಲ್ ಎಂದುಕೊಂಡು ಬಿಟ್ಟಿದ್ದನಂತೆ. ರಿಂಗು ನಿಲ್ಲದೇ ಇದ್ದಾಗ ಗಾಬರಿಯಾಗಿ ಎತ್ತಿದ. ಅಂಜನಮ್ಮ ಹೇಳುತ್ತಾ ಹೋದರು. ಈಗ ತಾನೆ ಶುರುವಾಗಿದೆ, ಮಧ್ಯಾಹ್ನದವರೆಗೂ ಸರಿಯಾಗಿ ಮೇವು ತಿಂದಿತ್ತು, ಲೋಳೆ ಇನ್ನೂ ತೆಳ್ಳಗಿದೆ, ಮುದಿ ಹಸುವಿನ ಮೇಲೆ ಹಾರಲು ನೋಡುತ್ತಿದೆ.

ಶಶಿಧರ್ ಕೇಳಿದನಂತೆ, "ಓದ ಎರಡು ಸಲನೂ ಹಿಂಗೆ ಶುರುವಾದ ತಕ್ಷಣವೇ ಮಿಸ್ ಕಾಲ್ ಕೊಟ್ಟಿದ್ರಾ ಅಮ್ಮ?"

"ಊನಪ್ಪ, ಕೂಗ್ತಿದ್ದಂಗೆ ಕೊಟ್ಟಿದ್ದೆ."

"ಅದಕ್ಕೇ ನೋಡಿ! ಶುರುವಾಗಿ ಅರ್ಧ ದಿನ ಆಗಿರ್ತದೆ ಅಂದ್ಕೊಂಡು ನಾನು ಬಂದ ತಕ್ಷಣ ಕೊಟ್ಟು ಓಯ್ತಿದ್ದೆ. ಅದು ತುಂಬಾ ಬೇಗ ಆಯ್ತು. ಈಗ ಬರಲ್ಲ, ನಾಳೆ ಬೆಳಿಗ್ಗೆ ಬತ್ತೀನಿ."

ಶನಿವಾರ ಬೆಳಿಗ್ಗೆ ಅವನು ಬಂದು ಇಂಜೆಕ್ಷನ್ ಕೊಟ್ಟ. ಎರಡು ಸಲ ಆಗದೇ ಹೋದದ್ದಕ್ಕೆ ಕಡಸಿನಲ್ಲೂ ದೋಷವಿರಲಿಲ್ಲ, ಹುಡುಗನಲ್ಲೂ ಇರಲಿಲ್ಲ. ಯಾವಾಗಿನಿಂದ ಎನ್ನುವ ಒಂದು ಮಾತು ಮಿಸ್ ಕಾಲಿನಲ್ಲಿ ಹಿಡಿಸುತ್ತಿರಲಿಲ್ಲ. ಇದನ್ನು ಕೇಳಿದ ಮೇಲೆ ನನ್ನ ಅಂಗಡಿಗೆ ಬರುವ ಹಸು ಸಾಕಿದವರಿಗೆಲ್ಲ ನಾನು ಹೇಳುವುದು ಇಷ್ಟೇ, ಬಾಯಿ ಬಿಟ್ಟು ಮಾತಾಡ್ರಪ್ಪ, ದುಡ್ಡು ಕೊಟ್ಟಿದ್ದೀರಿ.

ಇನ್ನು ಕಾಯುವುದು. ಇಪ್ಪತ್ತೊಂದನೇ ದಿನ ಅಂಜನಮ್ಮ ಕೊಟ್ಟಿಗೆ ಬಿಟ್ಟು ಕದಲಲಿಲ್ಲ. ಕೆಂಪಿ ಕೂಗಲಿಲ್ಲ. ನನಗೂ ಸುಮ್ಮನಿರಲಾಗಲಿಲ್ಲ, ಎರಡು ಸಲ ನಾನೇ ಫೋನ್ ಮಾಡಿದೆ. "ಇಲ್ಲ ಕಣಮ್ಮ, ತಣ್ಣಗೆ ಮೆಲುಕಾಕ್ತಾ ಮಲಗೈತೆ" ಎಂದರು. ಎರಡು ದಿನ ಮುಂದೆ ನೋಡಿದೆವು, ಮೂರು ದಿನ ನೋಡಿದೆವು. ನಲವತ್ತೆರಡನೇ ದಿನವೂ ಹಾಗೇ ಕಳೆಯಿತು. ಆದರೂ ಗಬ್ಬ ನಿಂತಿದೆ ಎಂದು ಅಂಜನಮ್ಮ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ವೆಂಕಟಪ್ಪ ದಲ್ಲಾಳಿಗೆ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಎರಡು ತಿಂಗಳು ತುಂಬಿದ ಮೇಲೆ ಶಶಿಧರ್ ದೊಡ್ಡ ಡಾಕ್ಟರನ್ನು ಕರೆತಂದು ಕೈಹಾಕಿಸಿ ನೋಡಿಸಿದ. ಅವತ್ತು ನಾನು ಬಸ್ಸಿನಲ್ಲಿದ್ದೆ, ಬಂಗಾರಪೇಟೆ ಸ್ಟೇಷನ್ ದಾಟಿರಲಿಲ್ಲ. ಫೋನು ಬಡಿಯಿತು. ಅಂಜನಮ್ಮ ಏನು ಹೇಳಿದರೋ ಬಸ್ಸಿನ ಗಲಾಟೆಯಲ್ಲಿ ಅರ್ಧವೂ ಕೇಳಲಿಲ್ಲ. ಅವರು ಅಳುತ್ತಾ ನಗುತ್ತಿದ್ದುದು ಮಾತ್ರ ಕೇಳಿಸಿತು, ನನಗೂ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಕೂತವರು ಏನಾಯ್ತಮ್ಮ ಎಂದರು. ಕಡಸು ಗಬ್ಬ ನಿಂತಿದೆ ಎಂದೆ.

ಅದಾದ ಎರಡು ದಿನಕ್ಕೆ ಎಂಬತ್ತನಾಲ್ಕು ಮುಗಿಯಿತು. ಅಂಜನಮ್ಮ ಬಂದರು, ಜೊತೆಗೆ ವೆಂಕಟಪ್ಪ. ಅವರು ನನ್ನ ಅಂಗಡಿ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಕಿವಿ ಕೇಳದವರ ಹಾಗೆ ಬಸ್ ಸ್ಟಾಂಡಿಗೆಲ್ಲ ಕೇಳುವಂತೆ ಹೇಳಿದರು:

"ಅಮ್ಮಯ್ಯ, ವರ್ಸಕ್ಕೊಂದೇ ಸಲ ಆಕ್ಸೋದು ಐತಂತಲ್ಲ, ಅದನ್ನ ಆಕಮ್ಮ ಇವಳ್ದಕ್ಕೆ."

ದುಡ್ಡನ್ನು ಅವರೇ ಮೇಜಿನ ಮೇಲಿಟ್ಟರು. ನಾನೂ ಗಟ್ಟಿಯಾಗಿ ಕೂಗಿದೆ, "ಕರು ಹಾಕೋಕೆ ಇನ್ನು ಏಳೇ ತಿಂಗಳಲ್ವಾ? ವರ್ಷದ್ದು ಯಾಕೆ?"

"ಊ? ಕರು ಆಕಿದ ಮೇಲೆ ಅದನ್ನ ಸಾಕೋದು ಬ್ಯಾಡ್ವಾ?"

ರೀಚಾರ್ಜ್ ಮಾಡಿದೆ. ಮೆಸೇಜ್ ಬಂತು. ಯಾವತ್ತಿನವರೆಗೂ ಬರುತ್ತದೆ ಎಂದು ಅಂಜನಮ್ಮ ಕೇಳಿದರು. ನಾನು ತಾರೀಖು ಹೇಳಿದೆ. ಅವರು ಅದನ್ನು ಗಂಡನ ಕಿವಿಗೆ ಬಾಯಿಟ್ಟು ಕೂಗಿದರು. ವೆಂಕಟಪ್ಪ ಬೆರಳು ಮಡಿಸಿ ಎಣಿಸಿ, "ಅಷ್ಟೊತ್ತಿಗೆ ನಮ್ಮ ಕೆಂಪಿ ಕರು ಉಲ್ಲು ಕಚ್ತಿರ್ತದೆ ಬುಡು" ಎಂದರು.