ಸ್ಕ್ಯಾನಿನಲ್ಲಿ ಕಂಡ ತುಟಿ

ಮಗುವಿಗೆ ಮುಖ ತೋರಿಸುವ ಮನಸ್ಸೇ ಇರಲಿಲ್ಲ. ಧರ್ಮಪುರಿಯ ಸ್ಕ್ಯಾನ್ ಸೆಂಟರಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕೂತವರು ನಾವು, ಮಧ್ಯಾಹ್ನವಾದರೂ ಅಲ್ಲೇ ಇದ್ದೆವು: ಐದು ತಿಂಗಳ ಬಸುರಿ ಮಗಳು, ಅವಳ ಅತ್ತೆ, ನಾನು. ಮೊರಪ್ಪೂರಿನಲ್ಲಿ ಮಾಡಿದ ಮಾಮೂಲಿ ಸ್ಕ್ಯಾನಿನಲ್ಲಿ ಮಗುವಿನ ತುಟಿಯ ಹತ್ತಿರ ಏನೋ ಅನುಮಾನ ಬಂದು, ತ್ರೀ-ಡಿ ತೆಗೆಸಿ ಅಂತ ಇಲ್ಲಿಗೆ ಅಟ್ಟಿದ್ದರು. ಎರಡು ಸಲ ಮಗಳನ್ನು ಒಳಗೆ ಕರೆದರು. ಎರಡು ಸಲವೂ ಮಗು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮಲಗಿತ್ತಂತೆ. ಜ್ಯೂಸ್ ಕುಡಿಸಿ, ನಡೆದಾಡಿಸಿ ಎಂದು ಹೊರಗೆ ಕಳಿಸಿದರು. ಮಗಳು ವರಾಂಡದ ಈ ತುದಿಯಿಂದ ಆ ತುದಿಗೆ ಕಾಲೆಳೆಯುತ್ತಿದ್ದಳು, ಹಿಂದೆ ಚೀಲ ಹಿಡಿದು ನಾನು. ನಡೆಯುವುದಕ್ಕಿಂತ ಬೀಗಿತಿಯ ಪಕ್ಕ ಕೂರುವುದೇ ನನಗೆ ಹೆಚ್ಚು ಆಯಾಸ.

ಮೂರನೇ ಸಲ ಕೈ ಸರಿಯಿತು. ಡಾಕ್ಟರಮ್ಮ ನಮ್ಮಿಬ್ಬರನ್ನೂ ಒಳಗೆ ಕರೆದರು. ಪರದೆಯ ಮೇಲೆ ಕಂದುಬಣ್ಣದ ಮುಖ, ಹಸಿಮಣ್ಣಿನಲ್ಲಿ ತಿದ್ದಿದ ಹಾಗೆ. ಮೇಲ್ದುಟಿ ಮೂಗಿನ ಕೆಳಗೆ ಸೀಳಿತ್ತು. ಹುಟ್ಟಿದ ಕೆಲವು ತಿಂಗಳಿಗೆ ಹೊಲಿದರೆ ಸರಿಹೋಗುತ್ತದೆ, ಗಾಬರಿ ಬೇಡ ಎಂದು ಅವರು ತಮಿಳಿನಲ್ಲಿ ನಿಧಾನವಾಗಿ ಹೇಳಿದರು. ಆಮೇಲೆ, ಮನೆಯಲ್ಲಿ ಯಾರಿಗಾದರೂ ಹೀಗಿತ್ತೇ ಎಂದು ಕೇಳಿದರು.

ಬೀಗಿತಿ ಇಲ್ಲವೆಂದು ತಲೆಯಾಡಿಸಿ ನನ್ನ ಕಡೆ ತಿರುಗಿದರು. “ಗ್ರಹಣದ್ ದಿನ ಒಳ್ಗೇ ಇರು ಅಂದ್ರೆ ಕೇಳಿದ್ಲಾ ನಿಮ್ ಮಗ್ಳು? ಸೊಪ್ಪು ಕುಯ್ಕೊಂಡ್ ಕುಂತಿದ್ಲು. ನೋಡಿ ಈಗ ಎಂಗಾಗೈತೆ!”

ಹೊಟ್ಟೆ ಒರೆಸಿಕೊಳ್ಳುತ್ತಿದ್ದ ಮಗಳು ಕೈ ನಿಲ್ಲಿಸಿದಳು. “ನಾನೇ ಮಾಡ್ದೆನಾ ಅಪ್ಪಾ?”

ನನಗೆ ಬೀಗಿತಿಯ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನನ್ನ ಮೇಲೆ. ಹುಟ್ಟುವಾಗ ನನ್ನ ತುಟಿಯೂ ಹೀಗೇ ಇತ್ತು. ಆರನೇ ವಯಸ್ಸಿನಲ್ಲಿ ಸೇಲಂಗೆ ಕರೆದೊಯ್ದು ಹೊಲಿಸಿದರು. ಮೀಸೆ ಚಿಗುರಿದ ಮೇಲೆ ಒಂದು ದಿನವೂ ಅದನ್ನು ಬೋಳಿಸಿಲ್ಲ. ಅಪ್ಪ ಸತ್ತಾಗ ತಲೆ ಬೋಳಿಸಿಕೊಂಡೆ, ಮೀಸೆಗೆ ಕತ್ತಿ ಮುಟ್ಟಿಸಲಿಲ್ಲ. ದಾಯಾದಿಗಳು ಛೀ ಥೂ ಅಂದರು, ಅನ್ನಿಸಿಕೊಂಡೆ. ಹೆಂಡತಿಗೊಬ್ಬಳಿಗೆ ಗೊತ್ತಿತ್ತು. ಮಗಳಿಗೆ ಗಂಡು ಗೊತ್ತು ಮಾಡುವಾಗಲೂ ಬಾಯಿ ಬಿಡಲಿಲ್ಲ. ಮೊರಪ್ಪೂರಿನಲ್ಲಿ ಇದೇ ಪ್ರಶ್ನೆ ಕೇಳಿದಾಗ ಯಾರಿಗೂ ಇಲ್ಲ ಎಂದವನು ನಾನೇ.

“ಸೊಪ್ಪಿಂದಲ್ಲ ಕಣವ್ವಾ, ನನ್ ಕಡೆಯಿಂದ ಬಂದಿರೋದು,” ಎಂದು ಎರಡು ಬೆರಳಲ್ಲಿ ಮೀಸೆ ಎತ್ತಿ ಗಾಯದ ಗೆರೆ ತೋರಿಸಿದೆ. ನಾಚಿಕೆಯಾಯಿತು. ಬೀಗಿತಿ ಮುಖ ಆ ಕಡೆ ತಿರುಗಿಸಿದರು. ಮಗಳು ಮಾತ್ರ ಎದ್ದು ಕೂತು, ಹತ್ತಿರ ಬಗ್ಗಿ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ.

“ತುಟಿಗ್ ಒಲಿಗೆ ಆಕ್ದಾಗ ನೋವಾಯ್ತಾ ಅಪ್ಪಾ?”

“ಆಯ್ತು ಕಣವ್ವಾ, ಒಂದ್ ವಾರ,” ಎಂದೆ. ಸುಳ್ಳು ಹೇಳಿ ಹೇಳಿ ನನಗೂ ಸಾಕಾಗಿತ್ತು.