ಶರಣಬಸಮ್ಮ ಜೋಡಿಸಿದ ಹದಿನೈದು ಮೀಟರ್ ಕಲ್ಲು

ಎರಡು ಸಾವಿರದ ಇಸವಿಯ ಹೈದರಾಬಾದಿನಲ್ಲಿ ಎಲ್ಲರ ಕಣ್ಣೂ ಮೇಲಕ್ಕೇ ಇತ್ತು. ಮಾದಾಪುರದ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಜನ ಕತ್ತು ನೋಯುವಷ್ಟು ಹೊತ್ತು ನಿಂತು ನೋಡುತ್ತಿದ್ದರು. ನೆಲದ ಕಡೆ ನೋಡುತ್ತಿದ್ದವಳು ಶಹಾಪುರ ಸೀಮೆಯ ಶರಣಬಸಮ್ಮ. ಒಂಬತ್ತು ವರ್ಷದ ಹಿಂದೆ ಗಂಡನ ಜೊತೆ ಕಾಚಿಗೂಡದಲ್ಲಿ ರೈಲಿಳಿದು, ಇಟ್ಟಿಗೆ ಹೊತ್ತು, ಜಲ್ಲಿ ಹೊತ್ತು, ಕೊನೆಗೆ ಒಂದು ವಿಚಿತ್ರ ಕೆಲಸಕ್ಕೆ ಬಂದು ಸೇರಿದ್ದಳು.

ದೊಡ್ಡ ಕಟ್ಟಡ ಏಳುವ ಮೊದಲು ಬೋರು ಕೊರೆದು ನೆಲದ ಒಳಗನ್ನು ನೋಡುತ್ತಾರೆ. ಯಂತ್ರ ಒಳಗಿನ ಕಲ್ಲನ್ನು ಲಟ್ಟಣಿಗೆಯಂಥ ತುಂಡುಗಳಾಗಿ ಮೇಲೆ ತರುತ್ತದೆ. ಅವನ್ನು ತೊಳೆದು, ಬಂದ ಕ್ರಮದಲ್ಲೇ ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಇಡುವುದು ಅವಳ ಕೆಲಸ. ಒಂದು ಪೆಟ್ಟಿಗೆಗೆ ಐದು ಮೀಟರ್ ಆಳ. ಹುಟ್ಟಿದಾಗಿನಿಂದ ಬಿಸಿಲನ್ನೇ ಕಾಣದ ಕಲ್ಲನ್ನು ಮೊಟ್ಟಮೊದಲು ಕಾಣುವವಳು ತಾನು ಎಂದು ಅವಳಿಗೆ ಒಳಗೊಳಗೇ ಬೆರಗು. ಕೂಸಿಗೆ ನೀರೆರೆಯುವಷ್ಟು ಜೋಪಾನವಾಗಿ ತೊಳೆಯುತ್ತಿದ್ದಳು.

ಒಂದು ಮಧ್ಯಾಹ್ನ ಮೂರು ಪೆಟ್ಟಿಗೆಗಳ ಅಟ್ಟಿಯನ್ನು ನೆರಳಿಗೆ ಸರಿಸಲು ಹೋಗಿ ಉರುಳಿಸಿಬಿಟ್ಟಳು. ಹದಿನೈದು ಮೀಟರ್ ಕಲ್ಲು, ಆಳ ಬರೆದಿಟ್ಟ ಮರದ ಬಿಲ್ಲೆಗಳ ಸಮೇತ, ಮಣ್ಣಿನಲ್ಲಿ ಚೆಲ್ಲಾಪಿಲ್ಲಿಯಾಯಿತು.

ಮೇಸ್ತ್ರಿ ಅಮರಯ್ಯ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಹೆಂಗರ ತುಂಬಿಬಿಡು ಶರಣಕ್ಕ. ಕಲ್ಲು ಕಲ್ಲೇ. ಗೊತ್ತಾತಂದ್ರ ಮತ್ತ ಕೊರೀಬೇಕಾಗ್ತೈತಿ, ನಿನ್ನ ಕೆಲಸಾನೂ ಹೊಕ್ಕೈತಿ."

ನಾಲ್ಕು ಗಂಟೆಗೆ ಸುಮತಿ ಬರುವವಳಿದ್ದಳು. ಮೈಸೂರಿನ ಹುಡುಗಿ, ಭೂವಿಜ್ಞಾನಿ. ಪೆಟ್ಟಿಗೆ ನೋಡಿ, ಹನ್ನೆರಡು ಮಹಡಿಯ ಕಂಬಗಳು ಯಾವ ಆಳದಲ್ಲಿ ನಿಲ್ಲಬೇಕೆಂದು ಬರೆಯುವವಳು ಅವಳೇ. ಗಟ್ಟಿ ಕಲ್ಲಿನ ಜಾಗದಲ್ಲಿ ಮೆತ್ತನೆಯದು ಕೂತರೆ ಏನಾದೀತೆಂದು ಶರಣಬಸಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸೆರಗು ಸಿಕ್ಕಿಸಿ ಮಣ್ಣಿನಲ್ಲೇ ಕೂತಳು. ಮುರಿದ ರೊಟ್ಟಿಯ ಎರಡು ಚೂರು ಕೂಡುವ ಹಾಗೆ, ಒಂದು ತುಂಡಿನ ಉಬ್ಬು ಇನ್ನೊಂದರ ತಗ್ಗಿಗೆ ಕೂಡಬೇಕು. ಇದರ ಗುಲಾಬಿ ಗೆರೆ ಅದರಲ್ಲಿ ಮುಂದುವರಿಯಬೇಕು. ಊಟ ಬಿಟ್ಟಳು, ಬಿಸಿಲು ಮರೆತಳು. ಮೂರು ತಾಸಿನಲ್ಲಿ ಎಲ್ಲವೂ ಕೂಡಿದವು, ಎರಡನೇ ಪೆಟ್ಟಿಗೆಯ ನಡುವಿನ ಒಂದು ಜಾಗ ಮಾತ್ರ ಏನು ಮಾಡಿದರೂ ಕೂಡಲಿಲ್ಲ. ಉಜ್ಜಿ ಸಪಾಟು ಮಾಡು ಎಂದ ಅಮರಯ್ಯ. ಅವಳು ಅವನ ಮುಖ ಕೂಡ ನೋಡಲಿಲ್ಲ.

ಸುಮತಿ ಬಂದ ಕೂಡಲೇ ಎದ್ದು ನಿಂತಳು. "ಮೇಡಂರಿ, ಪೆಟಗಿ ನಾ ಕೆಡವೇನ್ರಿ. ಮತ್ತ ಹೊಂದ್ಸೇನಿ. ಇದೊಂದು ಜಾಗಾ ಕೂಡವಲ್ದು."

ಸುಮತಿಯ ಮುಖ ಗಂಟಾಯಿತು. ಒಂದೊಂದೇ ತುಂಡೆತ್ತಿ, ಭೂತಗನ್ನಡಿ ಹಿಡಿದು, ಎಲ್ಲ ಕೂಡುಗಳನ್ನೂ ಪರೀಕ್ಷಿಸಿದಳು. ಕೂಡದ ಜಾಗಕ್ಕೆ ಬಂದಾಗ ಎರಡೂ ತುಂಡುಗಳ ತುದಿಯನ್ನು ಬೆರಳಿಂದ ಸವರಿ ನೋಡಿದಳು.

"ಇದು ಕೂಡಲ್ಲ, ಶರಣಬಸಮ್ಮ. ಇಲ್ಲಿದ್ದದ್ದು ಪುಡಿಪುಡಿ ಕಲ್ಲು, ಕೊರೆಯೋವಾಗಲೇ ನೀರಲ್ಲಿ ತೊಳೆದುಹೋಗಿದೆ. ನೀವು ಉಜ್ಜಿ ಕೂಡಿಸಿದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ. ಕಂಬ ಇದರ ಮೇಲೇ ನಿಲ್ತಿತ್ತು."

ಆಮೇಲೆ ಅವಳ ಪಕ್ಕದಲ್ಲೇ ಕೂತು, ಡೈರಿಯ ಹಿಂದಿನ ಪುಟದಲ್ಲಿದ್ದ ಪ್ರಪಂಚದ ನಕಾಶೆ ತೆರೆದಳು. "ನೆಲ ಬೇರೆ ಬಣ್ಣ, ಸಮುದ್ರ ನೀಲಿ. ಇದರಲ್ಲಿ ಯಾವುದಕ್ಕೆ ಯಾವುದು ಕೂಡತ್ತೆ ಹೇಳಿ."

ಶರಣಬಸಮ್ಮನ ಬೆರಳು ತಡವರಿಸಲಿಲ್ಲ. ದಕ್ಷಿಣ ಅಮೆರಿಕದ ಉಬ್ಬನ್ನು ಮುಟ್ಟಿ ಆಫ್ರಿಕಾದ ತಗ್ಗಿಗೆ ಹೋಯಿತು. "ಇದು ಇದಕ್ಕ ಕೂಡ್ತೈತ್ರಿ."

"ಹೌದು. ಒಂದೇ ಆಗಿದ್ದದ್ದು, ಒಡೆದು ದೂರ ಹೋದವು. ನಾವು ಕೂತಿರೋ ನೆಲಾನೂ ಹಾಗೇ ಬೇರೆಯಾಗಿ ಹೊರಟಿದ್ದು. ಈಗಲೂ ಹೋಗ್ತಾ ಇದೆ, ವರ್ಷಕ್ಕೆ ಮೂರು ಬೆರಳಗಲ."

"ನಾ ಇಲ್ಲಿಗೆ ಬಂದು ಒಂಬತ್ತು ವರ್ಷಾತ್ರಿ."

"ಹಾಗಾದ್ರೆ ಒಂದು ಮೊಳ ಅನ್ನಿ."

ಅವಳು ಮೊಣಕೈಯಿಂದ ಬೆರಳ ತುದಿಯವರೆಗೆ ತನ್ನ ಕೈಯನ್ನೇ ನೋಡಿಕೊಂಡಳು. ಚಾರಮಿನಾರು, ಕಾಚಿಗೂಡ ಸ್ಟೇಷನ್ನು, ಅತ್ತ ಶಹಾಪುರದ ಗುಡ್ಡ, ಎಲ್ಲವೂ ಒಟ್ಟಿಗೆ ಇಷ್ಟು ದೂರ ಸಾಗಿವೆ, ಕೊಡದ ನೀರು ಸಹ ತುಳುಕಿಲ್ಲ.

"ಇದರ ಕೆಳಗ ಏನೈತ್ರಿ?"

"ಈ ಕಲ್ಲಿನ ತೊಗಟೆ ಮುಗಿಯೋಕೇ ನಿಮ್ಮ ಏಳು ಸಾವಿರ ಪೆಟ್ಟಿಗೆ ಬೇಕು. ಅದರಡಿ ಕೆಂಡದಂಥ ಕಲ್ಲು. ಗಟ್ಟಿಯಾಗಿದ್ದೂ ಮೆಲ್ಲಗೆ ಹರಿಯತ್ತೆ, ನೆಲ ಸಾಗೋದು ಅದರ ಮೇಲೇ. ಅದರಡಿ ಕರಗಿದ ಕಬ್ಬಿಣ, ನಟ್ಟನಡುವೆ ಗಟ್ಟಿ ಕಬ್ಬಿಣದ ಗುಂಡು. ಅಲ್ಲಿಗೆ ಮುಟ್ಟೋಕೆ ಹನ್ನೆರಡೂಮುಕ್ಕಾಲು ಲಕ್ಷ ಪೆಟ್ಟಿಗೆ."

ಶರಣಬಸಮ್ಮ ತನ್ನ ಮೂರು ಪೆಟ್ಟಿಗೆಗಳನ್ನು ನೋಡಿದಳು. ಅಷ್ಟು ದೊಡ್ಡದರ ಇಷ್ಟೇ ಇಷ್ಟು ತನ್ನ ಕೈಗೆ ಸಿಕ್ಕಿದೆ ಎಂದು ಅವಳಿಗೆ ಖುಷಿಯೂ ಆಯಿತು, ಭಯವೂ ಆಯಿತು.

ಸುಮತಿ ಪೆನ್ನು ತೆಗೆದಳು. "ಕೆಡವಿದ್ದನ್ನೂ ಬರೀಲೇಬೇಕು."

"ಬರೀರಿ," ಎಂದಳು ಶರಣಬಸಮ್ಮ. ಕೆಲಸ ಹೋಯಿತು ಎಂದುಕೊಂಡಳು.

ಸುಮತಿ ಬರೆದು, ಅಮರಯ್ಯನಿಗೂ ಕೇಳುವ ಹಾಗೆ ಓದಿದಳು. "ಪೆಟ್ಟಿಗೆ ಉರುಳಿ ತುಂಡುಗಳು ಚೆಲ್ಲಿದ್ದವು. ಒಡೆದ ಮುಖ ನೋಡಿ ಮತ್ತೆ ಜೋಡಿಸಲಾಗಿದೆ. ಪರೀಕ್ಷಿಸಿದ್ದೇನೆ, ಕ್ರಮ ಸರಿಯಿದೆ. ಜೋಡಿಸಿದವರು ಶರಣಬಸಮ್ಮ." ಆಮೇಲೆ ಅವನ ಕಡೆ ತಿರುಗಿದಳು. "ಮುಂದಿನ ಬೋರಿಗೂ ಇವರೇ ಇರಲಿ."

ಅಮರಯ್ಯ ತಲೆಯಾಡಿಸಿದ. ಶರಣಬಸಮ್ಮ ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ. ಕಾಗದದ ಮೇಲೆ ತನ್ನ ಹೆಸರು ಎಲ್ಲಿದೆಯೆಂದು ಕೇಳಿ ತಿಳಿದುಕೊಂಡು, ಆ ಜಾಗವನ್ನೇ ನೋಡುತ್ತಿದ್ದಳು.

"ಈ ಕಲ್ಲಿಗೆ ಎಷ್ಟು ವರ್ಷ ಆಗೇತ್ರಿ, ಮೇಡಂರಿ?"

"ಇನ್ನೂರೈವತ್ತು ಕೋಟಿ."

"ಅದರ ಬಾಜೂಕ ನನ್ನ ಹೆಸರು ಬರದೀರಲ್ರಿ," ಎಂದಳು ಶರಣಬಸಮ್ಮ. "ನನಗಿನ್ನೂ ನಲವತ್ತೆರಡ್ರಿ."