ಅಮಾವಾಸ್ಯೆಗೊಮ್ಮೆ ಬ್ಯಾಟರಿ ಪರೀಕ್ಷೆ

ನಿಲಂಗಾದಿಂದ ಕಾಸಾರಶಿರಸಿಯ ಶಾಲೆಗೆ ನನ್ನನ್ನು ದಿನಾ ಬಿಡುತ್ತಿದ್ದ ಡ್ರೈವರ್ ಕುರಿ ಸಾಕುವ ಮನೆಯವನು. ಕುರಿಯ ತಬಿಯತ್ತಿನ ಮಾತು ಬಂದರೂ ನನ್ನ ವಿದ್ಯಾರ್ಥಿಗಳ ಮಾತು ಬಂದರೂ ಅವನದು ಒಂದೇ ಉತ್ತರ: "ಮುಖ ನೋಡಿದ್ರ ಏನ್ ತಿಳೀತದ್ರೀ ಗುರೂಜಿ? ಬೆನ್ನ ಒತ್ತಿ ನೋಡಬೇಕು, ಎಲುಬು ಹತ್ತತಾವೋ ಇಲ್ಲೋ ಅಂತ."

ಕರೆಂಟಿನ ಕಾರು ಕೊಂಡ ಮೇಲೆ ಅದಕ್ಕೂ ಅದೇ ಶಾಸ್ತ್ರ. ಅಮಾವಾಸ್ಯೆಗೊಮ್ಮೆ ಬ್ಯಾಟರಿ ಪೂರ್ತಿ ತುಂಬಿಸಿ, ಒಬ್ಬನೇ ಅದೇ ದಾರಿಯಲ್ಲಿ ಅದೇ ವೇಗದಲ್ಲಿ ಹೋಗಿಬಂದು, ಚಾರ್ಜ್ ಎಷ್ಟು ಉಳಿಯಿತೆಂದು ನೋಡುತ್ತಿದ್ದ.

ಒಮ್ಮೆ ಎರಡು ಅಮಾವಾಸ್ಯೆ ಒಂದರ ಹಿಂದೊಂದು ಚಾರ್ಜ್ ಬಹಳ ಇಳಿಯಿತು. "ಬ್ಯಾಟರಿ ಮುದಿ ಆಯ್ತ್ರೀ, ಕಾರ ಮಾರಿಬಿಡ್ತೀನಿ" ಎಂದು ಮುಖ ಬಾಡಿಸಿಕೊಂಡ. ಕಾರಿನ ನೆತ್ತಿಯ ಮೇಲೆ, ಕಂಬಳಿ ನೇಯುವವರಿಗೆ ಕೊಡಲೆಂದು ಕಟ್ಟಿದ ಉಣ್ಣೆಯ ದೊಡ್ಡ ಗಂಟು ಎರಡು ತಿಂಗಳಿಂದ ಹಾಗೇ ಕೂತಿತ್ತು. ಅದು ಅಡ್ಡಿಯಲ್ಲವೇ ಎಂದು ನಾನು ಕೇಳಿದರೆ ನಕ್ಕುಬಿಟ್ಟ. "ಉಣ್ಣೀಗಿ ಎಲ್ಲೀ ಭಾರರೀ?"

ಅಲ್ಲೇ ನಿಂತಿದ್ದ ಅವನ ಹೆಂಡತಿ ಬಿಡಲಿಲ್ಲ. "ಕಂಬಳಿ ಹೊತ್ತು ಗಾಳೀಗಿ ಎದುರು ನಡದು ನೋಡು. ಆಗ ತಿಳೀತದ."

ಮರುದಿನ ಗಂಟು ಇಳಿಸಿ, ಬ್ಯಾಟರಿ ತುಂಬಿಸಿ, ಅದೇ ದಾರಿಯಲ್ಲಿ ಹೋಗಿಬಂದ. ಗಂಟು ಕಟ್ಟುವ ಮೊದಲು ಉಳಿಯುತ್ತಿದ್ದಷ್ಟೇ ಚಾರ್ಜ್ ಉಳಿದಿತ್ತು. ನನ್ನ ಮುಂದೆ ಕಾರು ನಿಲ್ಲಿಸಿ ಇಳಿದವನು, ಅದರ ಬೋಳು ನೆತ್ತಿಯನ್ನು ಅಂಗೈಯಿಂದ ಮೆಲ್ಲಗೆ ಒತ್ತಿದ.

"ಮುದುಕಿ ಆಗಿಲ್ರೀ ಇಕಿ. ಹೊರಿ ಇಳಸವರು ಇರಲಿಲ್ಲ, ಅಷ್ಟೇ."